ರೈಲಿನ ಟೈಮ್‌ಟೇಬಲ್ ಇಟ್ಟುಕೊಂಡು ಇಂಗ್ಲಿಷ್ ಕಲಿಸುವುದು ಹೇಗೆ

ಸಂಜೆ ಜಗುಲಿಯ ಮೇಲೆ ಅಕ್ಕಪಕ್ಕದ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಡುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು, ಮದುವೆಯಾಗಿ ಊರಿಗೆ ಬಂದ ಅತ್ತಿಗೆಯರು, ರಿಟೈರ್ ಆದ ಮಾಸ್ತರರು. ಈ ಬರಹ ಅವರಿಗೆ. ಖರ್ಚೇನಿಲ್ಲ, ಒಂದು ಹಾಳೆ, ಒಂದು ಪೆನ್ನು ಸಾಕು.

ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ, 100 ಅಂಕ. ದ್ವಿತೀಯ ಅನ್ನೋದು ಹೆಸರಿಗೆ ಅಷ್ಟೇ. ಕಾರವಾರದ ಹುಡುಗನಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ, ಇಂಗ್ಲಿಷಿನ ಸರದಿ ಅದಾದ ಮೇಲೆ. ಭಟ್ಕಳದಲ್ಲಿ ನವಾಯತಿ, ಅಂಕೋಲಾ ಕಡೆ ಹಾಲಕ್ಕಿ ಕನ್ನಡ, ಶಿರಸಿ ಕಡೆ ಹವ್ಯಕ ಕನ್ನಡ. ಇಷ್ಟನ್ನು ಸಂಭಾಳಿಸುವ ಮಗುವಿಗೆ 'ಭಾಷೆ ತಲೆಗೆ ಹತ್ತಲ್ಲ' ಅಂತ ಹೇಳೋದು ಅನ್ಯಾಯ. ಮೀನು ಪೇಟೆಯಲ್ಲಿ ಚೌಕಾಸಿ ಮಾಡ್ತಾ ಕೊಂಕಣಿ ಕಲಿತವರಿಗೆ ಯಾರೂ ವ್ಯಾಕರಣ ಬರೆಸಿಲ್ಲ. ಕೆಲಸ ಆಗಬೇಕಿತ್ತು, ಮಾತು ಬಂತು.

ಇದನ್ನೇ ತರಗತಿಯೊಳಗೆ ತಂದು ನೋಡಿದವರು ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮತ್ತು ಸುತ್ತಲಿನ ಕೆಲವು ಶಾಲೆಗಳಲ್ಲಿ ಅವರು ಮತ್ತು ಜೊತೆಯ ಶಿಕ್ಷಕರು ವ್ಯಾಕರಣದ ಪಾಠವನ್ನು ಪಕ್ಕಕ್ಕಿಟ್ಟು, ಮಕ್ಕಳಿಗೆ ಇಂಗ್ಲಿಷಿನಲ್ಲಿ ಬಿಡಿಸುವ ಸಮಸ್ಯೆಗಳನ್ನು ಕೊಟ್ಟರು. ನಕ್ಷೆ, ವೇಳಾಪಟ್ಟಿ, ಲೆಕ್ಕ, ಇಂಥವು. ತಲೆ ಸಮಸ್ಯೆಯಲ್ಲಿ ಮುಳುಗಿದ್ದಾಗ ಭಾಷೆ ತನ್ನಷ್ಟಕ್ಕೆ ಒಳಗೆ ಹೋಗುತ್ತದೆ ಅನ್ನೋದು ಅವರ ವಾದ. ಬೆಂಗಳೂರು ಪ್ರಾಜೆಕ್ಟ್ ಅಂತ ಅದು ಜಗತ್ತಿನಾದ್ಯಂತ ಹೆಸರು ಮಾಡಿತು. ಇವತ್ತು ಟಾಸ್ಕ್ ಆಧಾರಿತ ಕಲಿಕೆ ಅಂತ ಎಲ್ಲರೂ ಮಾತಾಡುತ್ತಾರಲ್ಲ, ಅದರ ಒಂದು ದೊಡ್ಡ ಬೇರು ನಮ್ಮ ಸರ್ಕಾರಿ ಶಾಲೆಯ ಬೆಂಚಿನಲ್ಲೇ ಇದೆ. ನಾವು ಮಾತ್ರ ಇನ್ನೂ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಬಾಯಿಪಾಠ ಮಾಡಿಸುತ್ತಿದ್ದೇವೆ.

ಸರಿ, ಮಾಡೋದು ಹೇಗೆ? ಒಂದು ಹಾಳೆಯಲ್ಲಿ ಐದು ಸ್ಟೇಷನ್ ಬರೆಯಿರಿ: ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ. ಎದುರಿಗೆ ಮೂರು ರೈಲು. ಟ್ರೇನ್ ಎ ಭಟ್ಕಳ 6:10, ಹೊನ್ನಾವರ 6:45, ಕುಮಟಾ 7:05, ಅಂಕೋಲಾ 7:40, ಕಾರವಾರ 8:15. ಟ್ರೇನ್ ಬಿ ಭಟ್ಕಳ 9:00, ಹೊನ್ನಾವರದಲ್ಲಿ ನಿಲ್ಲಲ್ಲ, ಕುಮಟಾ 9:45, ಅಂಕೋಲಾದಲ್ಲೂ ನಿಲ್ಲಲ್ಲ, ಕಾರವಾರ 10:40. ಟ್ರೇನ್ ಸಿ ಭಟ್ಕಳ 11:30, ಹೊನ್ನಾವರ 12:05, ಕುಮಟಾ 12:25, ಅಂಕೋಲಾ 1:00, ಕಾರವಾರ 1:35. (ಸಮಯ ಎಲ್ಲ ನಾನೇ ಹಾಕಿದ್ದು, ಇದನ್ನು ನಂಬಿ ಸ್ಟೇಷನ್ನಿಗೆ ಹೋಗಬೇಡಿ.) ನಿಜವಾದ ಕೊಂಕಣ ರೈಲ್ವೆ ವೇಳಾಪಟ್ಟಿ ಮೊದಲ ದಿನ ಬೇಡ. ಅದರಲ್ಲಿ ವಾರದ ದಿನ, ಮಳೆಗಾಲದ ಬೇರೆ ಟೈಮು, ರೈಲಿನ ನಂಬರು ಎಲ್ಲ ಸೇರಿ ಮಕ್ಕಳು ಕಂಗಾಲಾಗುತ್ತಾರೆ.

ಮೊದಲ ಹತ್ತು ನಿಮಿಷ ಎಲ್ಲರ ಜೊತೆ ಬಾಯಿಮಾತಲ್ಲೇ ನಡೆಯಲಿ. ನೀವು ಕೇಳುವುದು ಪೂರ್ತಿ ಇಂಗ್ಲಿಷಿನಲ್ಲಿ. 'ವಾಟ್ ಟೈಮ್ ಡಸ್ ಟ್ರೇನ್ ಎ ಲೀವ್ ಕುಮಟಾ?' ಮಗು ಬೆರಳಿಟ್ಟು 'ಸೆವೆನ್ ಫೈವ್' ಅಂದರೆ ಸಾಕು. 'ಯೆಸ್, ಇಟ್ ಲೀವ್ಸ್ ಅಟ್ ಸೆವೆನ್ ಓ ಫೈವ್' ಅಂತ ನೀವು ಪೂರ್ತಿ ವಾಕ್ಯ ಹೇಳಿ ಮುಂದೆ ಹೋಗಿ. ಮಗುವಿನ ಹತ್ತಿರ ಅದನ್ನೇ ಮತ್ತೆ ಹೇಳಿಸಬೇಡಿ. 'ಡಸ್ ಟ್ರೇನ್ ಬಿ ಸ್ಟಾಪ್ ಅಟ್ ಹೊನ್ನಾವರ?' 'ನೋ.' 'ಹೌ ಲಾಂಗ್ ಡಸ್ ಟ್ರೇನ್ ಬಿ ಟೇಕ್ ಫ್ರಮ್ ಭಟ್ಕಳ ಟು ಕಾರವಾರ?' ಇಲ್ಲಿ ಸ್ವಲ್ಪ ನಿಲ್ಲುತ್ತಾರೆ, ಕಳೆಯುವ ಲೆಕ್ಕ ಮಾಡಬೇಕಲ್ಲ. ಒಂದು ಗಂಟೆ ನಲವತ್ತು ನಿಮಿಷ ಅಂತ ಯಾರೋ ಕನ್ನಡದಲ್ಲಿ ಕೂಗಿದರೂ ಸರಿ, ಲೆಕ್ಕ ಸರಿ ಇದೆ. 'ಒನ್ ಅವರ್ ಆಂಡ್ ಫಾರ್ಟಿ ಮಿನಿಟ್ಸ್, ಗುಡ್' ಅಂತ ಹೇಳಿದರೆ ಆಯಿತು.

ಈಗ ನಿಜವಾದ ಕೆಲಸ ಕೊಡಿ. ಸಾವಿತ್ರಕ್ಕ 11 ಗಂಟೆಗೆ ಕಾರವಾರದ ಡಿಸಿ ಆಫೀಸಿನಲ್ಲಿ ಇರಬೇಕು. ಅವಳು ಹೊನ್ನಾವರ ಸ್ಟೇಷನ್ನಿಗೆ ಬಂದದ್ದು 7:15ಕ್ಕೆ. ಹೊನ್ನಾವರದಿಂದ ಕುಮಟಾಕ್ಕೆ ಬಸ್ಸಿನಲ್ಲಿ 40 ನಿಮಿಷ. ಹೇಗೆ ಹೋಗಬೇಕು? ಇದನ್ನು ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದುಕೊಟ್ಟು, ಒಬ್ಬೊಬ್ಬರೇ ಬಿಡಿಸಲಿ ಅಂತ ಬಿಟ್ಟುಬಿಡಿ. ಎ ಆಗಲೇ ಹೋಗಿಬಿಟ್ಟಿದೆ, ಸಿ ಹಿಡಿದರೆ ತಲುಪುವುದು 1:35ಕ್ಕೆ, ಬಿ ಅಲ್ಲಿ ನಿಲ್ಲುವುದೇ ಇಲ್ಲ. ಕೆಲವರು ಸಾವಿತ್ರಕ್ಕನನ್ನು ಮನೆಗೇ ಕಳಿಸುತ್ತಾರೆ. ಒಬ್ಬ ತಲೆ ಎತ್ತಿ 'ಬಸ್ ಟು ಕುಮಟಾ, ದೆನ್ ಟ್ರೇನ್ ಬಿ' ಅಂದಾಗ ಉಳಿದವರ ಮುಖ ನೋಡಬೇಕು. ಆಗ ಕೇಳಿ, 'ವೈ ನಾಟ್ ಟ್ರೇನ್ ಸಿ?' 'ಬಿಕಾಸ್ ಲೇಟ್.' 'ಬಿಕಾಸ್ ಇಟ್ ರೀಚಸ್ ಕಾರವಾರ ಟೂ ಲೇಟ್, ರೈಟ್?' ಸ್ಟೇಷನ್ನಿನಿಂದ ಬಸ್‌ಸ್ಟ್ಯಾಂಡಿಗೆ ರಿಕ್ಷಾ ಬೇಡ್ವಾ ಸರ್ ಅಂತ ಯಾರಾದರೂ ತಗಾದೆ ತೆಗೆದೇ ತೆಗೆಯುತ್ತಾರೆ. ತೆಗೆಯಲಿ ಬಿಡಿ. ಊರಿನಿಂದ ದೂರ ಇರುವ ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿದು ಗೋಕರ್ಣ ಎಲ್ಲಿ ಅಂತ ಹುಡುಕಿದವರ ನಾಡು ಇದು. ಆ ತಗಾದೆಯನ್ನೇ ಇಂಗ್ಲಿಷಿಗೆ ತಿರುಗಿಸಿ: 'ಹೌ ಮೆನಿ ಮಿನಿಟ್ಸ್ ಫಾರ್ ದ ರಿಕ್ಷಾ?'

ಮಾರ್ಕು ಕೊಡುವಾಗ ಸಾವಿತ್ರಕ್ಕ 11ರೊಳಗೆ ಕಾರವಾರ ತಲುಪಿದಳಾ ಅಂತ ಮಾತ್ರ ನೋಡಿ. ವಾಕ್ಯದಲ್ಲಿ ಎಸ್ ಬಿಟ್ಟಿದ್ದಾರೆ, ದ ಬಿಟ್ಟಿದ್ದಾರೆ ಅಂತ ಕೆಂಪು ಪೆನ್ನು ಹಿಡಿದರೆ ಮುಂದಿನ ಸಲ ಮಗು ಬಾಯಿ ಬಿಡಲ್ಲ. ಹಾಗಂತ ತಪ್ಪನ್ನು ಹಾಗೇ ಬಿಟ್ಟಂತೆ ಅಲ್ಲ. 'ವಾಟ್ ಟೈಮ್ ದ ಟ್ರೇನ್ ಲೀವ್ಸ್?' ಅಂತ ಮಗು ಕೇಳಿದರೆ, 'ವಾಟ್ ಟೈಮ್ ಡಸ್ ಇಟ್ ಲೀವ್? ಲೆಟ್ಸ್ ಸೀ' ಅಂತ ಸರಿಯಾದದ್ದನ್ನು ನಿಮ್ಮ ಬಾಯಲ್ಲಿ ಒಮ್ಮೆ ಕೇಳಿಸಿ. ಈ ಡು, ಡಸ್ ನಮ್ಮವರಿಗೆ ಸಿಗುವುದು ಕೊನೆಗೇ. ಪ್ರಶ್ನೆ ಕೇಳಲು ಇಂಥ ಒಂದು ಕ್ರಿಯಾಪದವನ್ನು ಮುಂದೆ ತಂದು ಕೂರಿಸುವ ಪದ್ಧತಿ ಕನ್ನಡದಲ್ಲಿ ಇಲ್ಲ. ನಿಯಮ ವಿವರಿಸಿದರೆ ಹೌದು ಹೌದು ಅಂತಾರೆ, ಮಾತಾಡುವಾಗ ಮರೆಯುತ್ತಾರೆ. ಟೈಮ್‌ಟೇಬಲ್ ಆಟದಲ್ಲಿ ಒಂದೇ ಸಂಜೆ ಮೂವತ್ತು ನಲವತ್ತು ಸಲ ಕಿವಿಗೆ ಬಿದ್ದಾಗ ನಿಧಾನಕ್ಕೆ ಕೂರುತ್ತದೆ.

ಗುಂಪು ಮಾಡಿ ಚರ್ಚೆ ಬಿಡುವ ಫ್ಯಾಶನ್ ಈಗ ಜಾಸ್ತಿ. ಪ್ರಭು ಅವರಿಗೆ ಅದರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಕೇಳಿ ಗಟ್ಟಿ ಮಾಡಿಕೊಳ್ಳುತ್ತಾರೆ ಅನ್ನುವ ಅಂಜಿಕೆ. ನನ್ನದೂ ಅದೇ ಅಭಿಪ್ರಾಯ, ಕಾರಣ ಇನ್ನೂ ಸರಳ: ಚುರುಕಿನವನೊಬ್ಬ ಎಲ್ಲ ಮಾಡುತ್ತಾನೆ, ಉಳಿದವರು ಕನ್ನಡದಲ್ಲಿ ಕ್ರಿಕೆಟ್ ಮಾತಾಡುತ್ತಾರೆ.

ಉಚ್ಚಾರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಎಗ್ 'ಯೆಗ್' ಆಗೋದು, ಓನ್ಲಿ 'ವೋನ್ಲಿ' ಆಗೋದು, ಪ್ರತಿ ಪದದ ಬಾಲಕ್ಕೆ ಉಕಾರ ಸೇರೋದು, ಇವು ಕನ್ನಡದ ಅಭ್ಯಾಸಗಳು. ಬಾಲದ ಉಕಾರವನ್ನು ಮಾತ್ರ ಬೇಗ ಬಿಡಿಸಿ, 'ಬಸ್ಸು' ಅಲ್ಲ 'ಬಸ್' ಅಂತ. ಬೇರೆಯದು ಕೇಳ್ತಾ ಕೇಳ್ತಾ ಸುಧಾರಿಸುತ್ತದೆ.

ಶಿರಸಿಯವರು ನಮ್ಮಲ್ಲಿ ರೈಲೇ ಇಲ್ವಲ್ಲ ಅನ್ನಬಹುದು. ನಿಮಗೆ ಇನ್ನೂ ಒಳ್ಳೆಯ ಸಾಮಗ್ರಿ ಇದೆ, ಪೇಪರಿನ ಅಡಿಕೆ ಧಾರಣೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಗಳು, ಎದುರಿಗೆ ಕನಿಷ್ಠ, ಗರಿಷ್ಠ ದರ. 'ವಿಚ್ ಈಸ್ ಚೀಪರ್, ಚಾಲಿ ಆರ್ ಕೆಂಪುಗೋಟು?' 'ವಿಚ್ ಈಸ್ ದ ಮೋಸ್ಟ್ ಎಕ್ಸ್‌ಪೆನ್ಸಿವ್?' ಪರೀಕ್ಷೆಗೆ ಬರುವ ಡಿಗ್ರೀಸ್ ಆಫ್ ಕಂಪ್ಯಾರಿಸನ್ ಅಷ್ಟೂ ಈ ಪಟ್ಟಿಯಲ್ಲಿದೆ. ಎರಡು ವಾರದ ಪೇಪರು ಎತ್ತಿಟ್ಟು, ಮನೆಯಲ್ಲಿ ಐದು ಕ್ವಿಂಟಲ್ ಚಾಲಿ ಇದೆ, ಯಾವ ದಿನ ಮಾರಬೇಕಿತ್ತು ಅಂತ ಕೇಳಿ. ಅಡಿಕೆ ಮನೆಯ ಮಕ್ಕಳು ಅಪ್ಪನಿಗಿಂತ ಗಟ್ಟಿಯಾಗಿ ವಾದ ಮಾಡುತ್ತಾರೆ, ಅರ್ಧ ಇಂಗ್ಲಿಷ್, ಅರ್ಧ ಹವ್ಯಕದಲ್ಲಿ. ಕರಾವಳಿಯಲ್ಲಿ ಬಂಗಡೆ, ತಾರ್ಲೆ, ಪಾಪ್ಲೆಟ್ ರೇಟು ಇಟ್ಟುಕೊಂಡು ಇದನ್ನೇ ಮಾಡಬಹುದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಅದರಿಂದ ಫ್ರಮ್, ಟಿಲ್, ಕ್ಯಾನ್, ಕಾಂಟ್ ಎಲ್ಲ ಬರುತ್ತವೆ.

ಪಠ್ಯಪುಸ್ತಕ ಬಿಡಿ ಅಂತ ನಾನು ಹೇಳ್ತಿಲ್ಲ. ಹತ್ತನೇ ಕ್ಲಾಸಿನವರಿಗೆ ಪತ್ರ ಬರೆಯೋದು, ಪದ್ಯದ ಪ್ರಶ್ನೆ, ಹಳೇ ಪ್ರಶ್ನೆಪತ್ರಿಕೆ ಬೇಕೇ ಬೇಕು, ಜನವರಿಯಿಂದ ಅದಕ್ಕೇ ಕೂರಿಸಿ. ಎಂಟು, ಒಂಬತ್ತರವರಿಗೆ ಅವಸರ ಇಲ್ಲ. ವಾರಕ್ಕೆ ಎರಡು ಸಂಜೆ ಇಂಥ ಕೆಲಸ, ಒಂದು ಸಂಜೆ ಪುಸ್ತಕ. ಹೊಸ ಟಾಸ್ಕ್ ದಿನಾ ಹುಟ್ಟಿಸಬೇಕಾಗಿಲ್ಲ, ಹಳೇ ಹಾಳೆಯಲ್ಲೇ ಟ್ರೇನ್ ಎ ಒಂದು ಗಂಟೆ ಲೇಟ್ ಅಂತ ಬರೆದರೆ ಸಾವಿತ್ರಕ್ಕನ ಲೆಕ್ಕ ಪೂರ್ತಿ ಬದಲಾಗುತ್ತದೆ.