ಆರೈಕೆಯ ಗಂಟೆಗಳನ್ನು ಉಳಿಸಿಕೊಂಡದ್ದು: ನನ್ನ ಅನುಭವ

ನನಗಿರುವುದು ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸೊಂಟದ ಮತ್ತು ಭುಜದ ಸುತ್ತಲಿನ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತ ಹೋಗುವ, ವಂಶವಾಹಿಯ ದೋಷದಿಂದ ಬರುವ, ಪೂರ್ತಿ ಗುಣಪಡಿಸುವ ಮದ್ದಿಲ್ಲದ ಕಾಯಿಲೆ ಇದು. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲೇ ಮೆಟ್ಟಿಲು ಹತ್ತುವಾಗ ತೊಡೆಯ ಮೇಲೆ ಕೈಯೂರುತ್ತಿದ್ದೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಹತ್ತನೆಯ ವರ್ಷ ವೀಲ್‌ಚೇರ್ ಬಂತು. ಈಗ ಹಾಸಿಗೆಯಿಂದ ಕುರ್ಚಿಗೆ ಬರಬೇಕಾದರೂ ಎತ್ತುವ ಯಂತ್ರದ ಜೋಲಿಯಲ್ಲಿ ಕೂರಬೇಕು. ರಾತ್ರಿ ಉಸಿರಾಟಕ್ಕೆ ಬೈಪ್ಯಾಪ್, ಅಂದರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಕೊಡುವ ಯಂತ್ರ, ಬೇಕು.

ಇಷ್ಟಾದರೂ ನಾನು ನನ್ನ ಮನೆಯಲ್ಲೇ, ಮಗಳ ಜೊತೆ ಇರಲು ಸಾಧ್ಯವಾಗಿರುವುದು ಇನ್-ಹೋಮ್ ಸಪೋರ್ಟಿವ್ ಸರ್ವಿಸಸ್, ಅಂದರೆ ಐ.ಎಚ್.ಎಸ್.ಎಸ್. ಎಂಬ ಇಲ್ಲಿನ ಸರ್ಕಾರಿ ಯೋಜನೆಯಿಂದ. ಮೆಡಿ-ಕ್ಯಾಲ್ (ಕಡಿಮೆ ಆದಾಯದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಅರ್ಹತೆ ಇರುವ ವೃದ್ಧರು ಮತ್ತು ಅಂಗವಿಕಲರು ತಮ್ಮ ಸಹಾಯಕರನ್ನು ತಾವೇ ಆರಿಸಿಕೊಳ್ಳಬಹುದು, ಸಂಬಳವನ್ನು ಯೋಜನೆ ಭರಿಸುತ್ತದೆ. ಎಷ್ಟು ಗಂಟೆ ಎಂಬುದನ್ನು ಮಾತ್ರ ಕೌಂಟಿಯ (ನಮ್ಮ ಜಿಲ್ಲಾಡಳಿತದಂಥದ್ದು) ಸೋಷಿಯಲ್ ವರ್ಕರ್ ನಿರ್ಧರಿಸುತ್ತಾರೆ. ಸ್ನಾನ, ಬಟ್ಟೆ ತೊಡುವುದು, ಊಟ, ಶೌಚ, ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು ಎಂದು ಒಂದೊಂದು ಕೆಲಸಕ್ಕೂ ವಾರಕ್ಕೆ ಇಷ್ಟು ಹೊತ್ತು ಎಂದು ಬರೆದು, ಒಟ್ಟನ್ನು 4.33ರಿಂದ ಗುಣಿಸಿ ತಿಂಗಳ ಲೆಕ್ಕ ಕಟ್ಟುತ್ತಾರೆ. ತಿಂಗಳಿಗೆ ಗರಿಷ್ಠ ಮಿತಿ 283 ಗಂಟೆ. ನನಗೆ 206 ಇತ್ತು.

ಒಂದು ವರ್ಷ ಈ ಗಂಟೆಗಳ ಮರುಪರಿಶೀಲನೆಗೆ ಹೊಸ ಸೋಷಿಯಲ್ ವರ್ಕರ್ ಒಬ್ಬರು ಬಂದರು. ಅತಿಥಿ ಬರುತ್ತಾರೆಂದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೋ ಅದೆಲ್ಲವೂ ಅಂದು ನಡೆಯಿತು. ಸಹಾಯಕಿ ಒಂದು ಗಂಟೆ ಮೊದಲೇ ಬಂದು ನನಗೆ ಸ್ನಾನ ಮಾಡಿಸಿ, ಇಸ್ತ್ರಿ ಮಾಡಿದ ಕುರ್ತಾ ತೊಡಿಸಿ, ತಲೆ ಬಾಚಿ ಕೂರಿಸಿದರು. ಮಗಳು ಶವರ್ ಚೇರನ್ನು ಮೂಲೆಗೆ ಸರಿಸಿ, ಎತ್ತುವ ಯಂತ್ರಕ್ಕೆ ಬೆಡ್‌ಶೀಟ್ ಹೊದಿಸಿದಳು. ಬಂದವರಿಗೆ ಕಾಫಿ ಕೊಟ್ಟೆವು, ನನಗೂ ಒಂದು ಲೋಟ ಬಂತು. ಮೊಣಕೈಯನ್ನು ಮೇಜಿನ ಮೇಲೆ ಊರಿ, ಬೆರಳುಗಳಲ್ಲಿ ಉಳಿದಿರುವ ಬಲದಿಂದ ಲೋಟ ಹಿಡಿದು, ತಲೆಯನ್ನೇ ಲೋಟದ ಕಡೆಗೆ ಬಗ್ಗಿಸಿ ಕುಡಿದೆ. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಬಾಯಿಗೆ ಬಂದ ಉತ್ತರ "ಪರವಾಗಿಲ್ಲ, ಹೇಗೋ ನಡೆಯುತ್ತಿದೆ" ಎಂಬುದೇ ಆಗಿತ್ತು. ಇಂಗ್ಲಿಷಿನಲ್ಲಿ ಹೇಳಿದೆ ಎನ್ನುವುದನ್ನು ಬಿಟ್ಟರೆ, ಶಿವಮೊಗ್ಗದ ಜಗಲಿಯಲ್ಲಿ ಕೂತು ನೆಂಟರಿಗೆ ಹೇಳುವ ಮಾತೇ ಅದು.

ಮೂರು ವಾರಗಳ ನಂತರ ನೋಟಿಸ್ ಬಂತು. 206 ಗಂಟೆ 148ಕ್ಕೆ ಇಳಿದಿತ್ತು. ತಿಂಗಳಿಗೆ 58 ಗಂಟೆ ಎಂದರೆ ದಿನಕ್ಕೆ ಹೆಚ್ಚುಕಡಿಮೆ ಎರಡು ಗಂಟೆ. ಅಂದರೆ ಬೆಳಗಿನ ಸ್ನಾನವೋ ಮಧ್ಯಾಹ್ನದ ಊಟ ಮತ್ತು ಶೌಚವೋ, ಎರಡರಲ್ಲಿ ಒಂದು. ಅಂದು ರಾತ್ರಿ ಮಗಳು, "ಅಮ್ಮಾ, ನಾನು ಒಂದು ಸೆಮಿಸ್ಟರ್ ಬಿಡ್ತೀನಿ" ಎಂದಳು. ಹೋರಾಡಲೇಬೇಕು ಎಂದು ನಾನು ನಿರ್ಧರಿಸಿದ್ದು ಆ ಮಾತು ಕೇಳಿದ ಮೇಲೆ.

ನೋಟಿಸಿನಲ್ಲಿ ಮೊದಲು ನೋಡಬೇಕಾದದ್ದು ಕಡಿತ ಜಾರಿಗೆ ಬರುವ ದಿನಾಂಕ. ಕಡಿತದ ವಿರುದ್ಧ ನ್ಯಾಯಾಧೀಶರ ಮುಂದೆ ವಿಚಾರಣೆ ಕೋರಲು 90 ದಿನಗಳ ಅವಕಾಶವಿದೆ ನಿಜ, ಆದರೆ ಕಡಿತದ ದಿನಾಂಕಕ್ಕೆ ಮೊದಲೇ ಕೋರಿದರೆ ಮಾತ್ರ ತೀರ್ಪು ಬರುವ ತನಕ ಹಳೆಯ ಗಂಟೆಗಳು ಮುಂದುವರಿಯುತ್ತವೆ. ನೋಟಿಸ್ ಕಳುಹಿಸುವುದಕ್ಕೂ ಕಡಿತಕ್ಕೂ ನಡುವೆ ಇರಬೇಕಾದ ಅಂತರ ಬರೀ 10 ದಿನ. ಅಂಚೆಯಲ್ಲಿ ಕಳೆಯುವ ದಿನಗಳೂ ಅದರೊಳಗೇ ಸೇರಿಹೋಗುತ್ತವೆ. ನೆರವನ್ನು ಕಿತ್ತುಕೊಳ್ಳುವ ಮೊದಲು ಮಾತು ಕೇಳಬೇಕು ಎಂಬ ಈ ನಿಯಮದ ಹಿಂದೆ 1970ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗೋಲ್ಡ್‌ಬರ್ಗ್ ವಿರುದ್ಧ ಕೆಲ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪಿದೆ. ನಾನು ನೋಟಿಸಿನ ಹಿಂಬದಿಯಲ್ಲೇ ಇರುವ ಅರ್ಜಿಯನ್ನು ಅದೇ ದಿನ ತುಂಬಿ, ಮಗಳಿಂದ ಕಳುಹಿಸಿ, ತಲುಪಿದ್ದಕ್ಕೆ ಸಾಕ್ಷಿಯನ್ನು ಫೈಲಿಗೆ ಹಾಕಿದೆ.

ಆಮೇಲೆ ನನ್ನ ಕೇಸ್ ಫೈಲಿನ ಪ್ರತಿಯನ್ನು ಕೇಳಿ ಪಡೆದೆ. ಇದು ನಮ್ಮ ಹಕ್ಕು. ಪ್ರತಿಯೊಂದು ಕೆಲಸಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ: 1 ಎಂದರೆ ತಾನೇ ಮಾಡಿಕೊಳ್ಳಬಲ್ಲರು, 5 ಎಂದರೆ ಏನೂ ಮಾಡಲಾರರು. ಊಟ, ಸ್ನಾನ, ಎತ್ತಿ ಕೂರಿಸುವುದು ಈ ಮೂರರಲ್ಲೂ ನನ್ನ ಅಂಕ ಒಂದೊಂದು ಕಡಿಮೆಯಾಗಿತ್ತು. ಟಿಪ್ಪಣಿಯಲ್ಲಿ ಬರೆದಿದ್ದದ್ದು: ಅಚ್ಚುಕಟ್ಟಾಗಿ ಉಡುಪು ಧರಿಸಿದ್ದಾರೆ, ಲೋಟ ಹಿಡಿದು ತಾವೇ ಕುಡಿಯುತ್ತಾರೆ, ನಿಭಾಯಿಸುತ್ತಿರುವುದಾಗಿ ಹೇಳುತ್ತಾರೆ. ಓದಿ ಅತ್ತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ನಾವು ತೋರಿಸಿದ್ದೇ ಆಗಿತ್ತು.

ಅಂದಿನಿಂದ ಎರಡು ವಾರ ಒಂದು ನೋಟ್‌ಬುಕ್ ಇಟ್ಟೆವು. ಸಹಾಯಕಿ ಮತ್ತು ಮಗಳು ಮೊಬೈಲಿನಲ್ಲಿ ಹೊತ್ತು ಅಳೆದು ಬರೆದರು. ಹಾಸಿಗೆಯಲ್ಲಿ ಆ ಕಡೆ ಈ ಕಡೆ ಹೊರಳಿಸಿ ಜೋಲಿಯನ್ನು ಬೆನ್ನಡಿಗೆ ಸೇರಿಸಲು 6 ನಿಮಿಷ, ಕೊಕ್ಕೆಗಳನ್ನು ಸಿಕ್ಕಿಸಿ ಎತ್ತಲು 4, ಕಮೋಡಿನ ಮೇಲೆ ನೇರವಾಗಿ ಕೂರಿಸಲು 5. ರಾತ್ರಿ 1.20ಕ್ಕೆ ಎಡ ಮಗ್ಗುಲು, 3.45ಕ್ಕೆ ಬಲ ಮಗ್ಗುಲು, ಜಾರಿದ ಮಾಸ್ಕ್ ಸರಿಪಡಿಸಿದ್ದು ಎರಡು ಸಲ. ಮಲ ವಿಸರ್ಜನೆಯ ನಂತರ ತೊಳೆಯಲು ಎಷ್ಟು ಹೊತ್ತು ಎಂಬುದನ್ನೂ ಬರೆಯಬೇಕಿತ್ತು. ಅದನ್ನು ಬರೆಸುವಾಗ ಆದ ಸಂಕೋಚವನ್ನು ಮಾತಿನಲ್ಲಿ ಹೇಳಲಾರೆ, ಆದರೆ ಮುಂದೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಪುಟ.

ನರರೋಗ ತಜ್ಞರ ಬಳಿ ಸುಮ್ಮನೆ ಒಂದು ಪತ್ರ ಕೇಳಿದ್ದರೆ "ರೋಗಿಗೆ ಸಹಾಯದ ಅಗತ್ಯವಿದೆ" ಎಂಬ ಒಂದು ಸಾಲು ಬರುತ್ತಿತ್ತು, ಅದರಿಂದ ಏನೂ ಆಗುತ್ತಿರಲಿಲ್ಲ. ಅಂಕ ಇಳಿದಿದ್ದ ಮೂರು ಕೆಲಸಗಳನ್ನು ಹೆಸರಿಸಿ, ಯಾವ ಸ್ನಾಯು ಯಾವ ಕೆಲಸಕ್ಕೆ ಅಡ್ಡಿ ಎಂದು ಬರೆದುಕೊಡಲು ಬೇಡಿಕೊಂಡೆ. ಭುಜದ ಸ್ನಾಯು ಸೋತಿರುವುದರಿಂದ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಲಾರರು, ಬೆರಳ ಹಿಡಿತ ಉಳಿದಿರುವುದು ಈ ಕಾಯಿಲೆಯ ಸ್ವಭಾವವೇ, ಆದ್ದರಿಂದ ಲೋಟ ಹಿಡಿಯುವುದು ಊಟ ಮಾಡಬಲ್ಲರು ಎಂಬುದಕ್ಕೆ ಆಧಾರವಾಗದು, ಕಳೆದ ವರ್ಷಕ್ಕಿಂತ ಸ್ಥಿತಿ ಇಳಿದಿದೆಯೇ ಹೊರತು ಸುಧಾರಿಸಿಲ್ಲ ಎಂದು ಅವರು ಬರೆದುಕೊಟ್ಟರು. ನನ್ನ ವಾದವೆಲ್ಲ ಈ ಕೊನೆಯ ಮಾತಿನ ಮೇಲೆ ನಿಂತಿತ್ತು: ಏರುತ್ತಲೇ ಹೋಗುವ ಕಾಯಿಲೆಯಲ್ಲಿ ಅಗತ್ಯ ಹೇಗೆ ಇಳಿಯಿತು ಎಂಬುದನ್ನು ಕೌಂಟಿಯೇ ವಿವರಿಸಲಿ.

ವಿಚಾರಣೆಗೆ ಒಂದು ವಾರವಿದ್ದಾಗ ಕೌಂಟಿಯ ಕಡೆಯಿಂದ ಫೋನ್ ಬಂತು. ಅರ್ಜಿಯನ್ನು ಷರತ್ತಿನ ಮೇಲೆ ಹಿಂಪಡೆದರೆ ಹೊಸದಾಗಿ ಮೌಲ್ಯಮಾಪನ ಮಾಡುತ್ತೇವೆ ಎಂದರು. ಹೀಗೆ ಹಿಂಪಡೆಯುವುದು ಯಾವಾಗಲೂ ತಪ್ಪೆಂದು ನಾನು ಹೇಳುವುದಿಲ್ಲ. ಷರತ್ತುಗಳು ಬರಹದಲ್ಲಿದ್ದರೆ ಅದರಿಂದಲೇ ಕೆಲಸ ಆಗುವುದುಂಟು. ಹೊಸ ಮೌಲ್ಯಮಾಪನ ಮುಗಿಯುವ ತನಕ 206 ಗಂಟೆ ಉಳಿಯುತ್ತದೆ ಎಂದು ಬರೆದುಕೊಡಿ ಎಂದು ಕೇಳಿದೆ. ಬರಹ ಬರಲಿಲ್ಲ, ನಾನು ಹಿಂಪಡೆಯಲಿಲ್ಲ. ಕೌಂಟಿಯ ಲಿಖಿತ ವಾದ ವಿಚಾರಣೆಗೆ ಎರಡು ಕೆಲಸದ ದಿನ ಮೊದಲೇ ನಮಗೆ ಸಿಗಬೇಕು. ಅದನ್ನು ಪಡೆದು, ಪ್ರತಿ ಅಂಶದ ಎದುರು ನೋಟ್‌ಬುಕ್ಕಿನ ಪುಟಸಂಖ್ಯೆ ಬರೆದುಕೊಂಡೆ.

ವಿಚಾರಣೆ ಫೋನಿನಲ್ಲೇ ನಡೆಯಿತು. ಫಿಲಿಪ್ಪೀನ್ಸ್ ಮೂಲದ ನನ್ನ ಸಹಾಯಕಿ ದುಭಾಷಿಯ ಮೂಲಕ ತಮ್ಮ ಭಾಷೆಯಲ್ಲೇ ಸಾಕ್ಷಿ ಹೇಳಿದರು. ದುಭಾಷಿಗೆ ನಾವು ಹಣ ಕೊಡಬೇಕಿಲ್ಲ. ನ್ಯಾಯಾಧೀಶರು ಕೇಳಿದ್ದು ಬಹುತೇಕ ನಿಮಿಷಗಳ ಪ್ರಶ್ನೆಗಳನ್ನೇ. ಕೊನೆಗೆ ನಾನು, ಈ ಗಂಟೆಗಳು ಹೋದರೆ ನನಗೆ ಉಳಿಯುವುದು ನರ್ಸಿಂಗ್ ಹೋಮ್ ಒಂದೇ, ಅಗತ್ಯವಿಲ್ಲದೆ ಜನರನ್ನು ಸಂಸ್ಥೆಗಳಲ್ಲಿ ಇಡುವುದು ತಾರತಮ್ಯ ಎಂದು ಸುಪ್ರೀಂ ಕೋರ್ಟಿನ 1999ರ ಓಲ್ಮ್‌ಸ್ಟೆಡ್ ತೀರ್ಪು ಹೇಳಿದೆ ಎಂದು ಓದಿ ಹೇಳಿದೆ. ಧ್ವನಿ ನಡುಗುತ್ತಿತ್ತು.

ತೀರ್ಪಿನಲ್ಲಿ 203 ಗಂಟೆ ಉಳಿಯಿತು. ಮೂರು ಗಂಟೆ ಹೋದದ್ದು ಬಟ್ಟೆ ಒಗೆಯುವ ಲೆಕ್ಕದಲ್ಲಿ. ಮಗಳ ಬಟ್ಟೆಯೂ ಅದರಲ್ಲಿ ಸೇರಿತ್ತು, ಆ ವಿಷಯದಲ್ಲಿ ಕೌಂಟಿ ಹೇಳಿದ್ದು ಸರಿಯಾಗಿತ್ತು. ಮಗಳು ಸೆಮಿಸ್ಟರ್ ಬಿಡಲಿಲ್ಲ. ಮುಂದಿನ ವರ್ಷದ ಭೇಟಿಯ ದಿನ ಎತ್ತುವ ಯಂತ್ರದ ಮೇಲೆ ಬೆಡ್‌ಶೀಟ್ ಹೊದಿಸಲಿಲ್ಲ, ನನ್ನನ್ನು ಹಾಸಿಗೆಯಿಂದ ಎಬ್ಬಿಸುವುದನ್ನು ಸೋಷಿಯಲ್ ವರ್ಕರ್ ಎದುರಿಗೇ ಮಾಡಿಸಿದೆವು.

ಶಿವಮೊಗ್ಗದಲ್ಲಿರುವ ನನ್ನ ತಮ್ಮನಿಗೂ ಇದೇ ಕಾಯಿಲೆ. ಅಲ್ಲಿ ಗಂಟೆಗಳ ಲೆಕ್ಕದ ಇಂಥ ಯೋಜನೆ ಇಲ್ಲ. ಅವನನ್ನು ನೋಡಿಕೊಳ್ಳುವುದು ಹೆಂಡತಿ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ, ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಹಾಕಲು 38ನೆಯ ಕಲಮು ಅವಕಾಶ ಕೊಡುತ್ತದೆ. ವೈಕಲ್ಯದ ಪ್ರಮಾಣಪತ್ರದ ತಪಾಸಣೆಯ ದಿನ ಅವನು ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದು ತೋರಿಸಿ ಬಂದಿದ್ದ. ಮತ್ತೆ ಅರ್ಜಿ ಹಾಕು, ಈ ಸಲ ನೋಟ್‌ಬುಕ್ ಇಟ್ಟುಕೊಂಡು ಹೋಗು ಎಂದೆ. "ಅಕ್ಕಾ, ಅದನ್ನೆಲ್ಲ ಹೇಗೆ ಬರೀಲಿ?" ಎಂದ. ನನ್ನ ಪುಟಗಳ ಫೋಟೊ ತೆಗೆಸಿ ಕಳುಹಿಸಿದೆ. ಮೊನ್ನೆ ಅವನ ಮೊದಲ ಹಾಳೆ ವಾಟ್ಸಾಪಿನಲ್ಲಿ ಬಂತು: ಬೆಳಗ್ಗೆ 5.40, ಎಬ್ಬಿಸಿ ಕೂರಿಸಲು ಇಬ್ಬರು, 9 ನಿಮಿಷ.