ಬೆಂಕಿ ರೋಗಕ್ಕೆ ಬೆಳ್ಳುಳ್ಳಿ ರಸ: ಮಂಡ್ಯದ ಗದ್ದೆಯಲ್ಲಿ ನನ್ನ ಅನುಭವ

ವಿಶ್ವೇಶ್ವರಯ್ಯ ನಾಲೆಯ ನೀರನ್ನು ನೆಚ್ಚಿ ಭತ್ತ ಬೆಳೆಯುವ ನನಗೆ ಮುಂಗಾರಿನ ಪೈರಿನಲ್ಲಿ ಹೆಚ್ಚು ಆತಂಕ ತರುವುದು ಬೆಂಕಿ ರೋಗ. ಮೋಡ ಕವಿದು, ಸೋನೆ ಹಿಡಿದು, ಬೆಳಗಿನ ಇಬ್ಬನಿ ಗರಿಗಳ ಮೇಲೆ ಬಹಳ ಹೊತ್ತು ಆರದೆ ಉಳಿಯುವ ದಿನಗಳಲ್ಲಿ ಈ ರೋಗ ತರುವ ಶಿಲೀಂಧ್ರದ ಕಣಗಳು ಮೊಳೆತು ಎಲೆಯೊಳಗೆ ಇಳಿಯುತ್ತವೆ. ಎರಡೂ ತುದಿ ಚೂಪಾದ, ನಡುವೆ ಬೂದು, ಅಂಚಿಗೆ ಕಂದು ಬಣ್ಣದ ಮಚ್ಚೆ ಕಂಡಿತೆಂದರೆ ರೋಗ ಒಳಹೊಕ್ಕು ಕೆಲವು ದಿನಗಳೇ ಆಗಿರುತ್ತವೆ. ಸಸ್ಯದ ರಸ ಎಲೆಯ ಮೇಲಷ್ಟೇ ಕಾವಲಿರಬಲ್ಲದು. ಹಾಗಾಗಿ ನಾನು ಮಚ್ಚೆಗೆ ಕಾಯದೆ, ಮೋಡ ನೋಡಿಯೇ ಸಿಂಪಡಿಸುತ್ತೇನೆ.

ನಾನು ಮುಖ್ಯವಾಗಿ ಬಳಸುವುದು ಬೆಳ್ಳುಳ್ಳಿ. ಅದರ ಇಡೀ ಎಸಳಿನಲ್ಲಿ ಶಿಲೀಂಧ್ರವನ್ನು ತಡೆಯುವ ಆಲಿಸಿನ್ ಇರುವುದಿಲ್ಲ. ಆಲಿಯಿನ್ ಎಂಬ ವಸ್ತುವೂ ಆಲಿನೇಸ್ ಎಂಬ ಕಿಣ್ವವೂ ಎಸಳಿನಲ್ಲಿ ಬೇರೆಬೇರೆಯಾಗಿದ್ದು, ಜಜ್ಜಿದಾಗ ಎರಡೂ ಬೆರೆತು ಆಲಿಸಿನ್ ಹುಟ್ಟುತ್ತದೆ. ಮೂಗಿಗೆ ಅಡರುವ ಹಸಿ ಘಾಟು ಅದರದೇ. ಕುದಿಸಿದರೆ ಕಿಣ್ವವೂ ಕೆಡುತ್ತದೆ, ಆಲಿಸಿನ್ನೂ ಉಳಿಯುವುದಿಲ್ಲ. ಆದ್ದರಿಂದ ಕಷಾಯ ಕಾಯಿಸುವ ರೂಢಿ ಬೆಳ್ಳುಳ್ಳಿಗೆ ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. 15 ಲೀಟರಿನ ಕ್ಯಾನಿಗೆ ಅರ್ಧ ಕೆಜಿಯಂತೆ ಹಸಿಯಾಗಿಯೇ ನುಣ್ಣಗೆ ಅರೆದು, ಸ್ವಲ್ಪ ಹೊತ್ತು ಬಿಟ್ಟು, ತಣ್ಣೀರಿನಲ್ಲಿ ಕಲಸಿ, ಹಳೆಯ ಪಂಚೆಯಲ್ಲಿ ಎರಡು ಸಲ ಸೋಸುತ್ತೇನೆ. ನಾರು ಉಳಿದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಭತ್ತದ ಗರಿಯ ಮೇಲೆ ಬಿದ್ದ ನೀರು ಮುತ್ತಿನಂತೆ ಉರುಳಿಹೋಗುವುದರಿಂದ, ನೆನೆಸಿ ಕಿವುಚಿದ ಅಂಟುವಾಳದ ನೊರೆನೀರನ್ನೂ ಬೆರೆಸಿದರೆ ರಸ ಗರಿಯ ಉದ್ದಕ್ಕೂ ಹರಡಿ ನಿಲ್ಲುತ್ತದೆ. ಬಿಸಿಲು ಇಳಿದ ಮೇಲೆ, ಅರೆದ ದಿನವೇ ಸಿಂಪಡಿಸಿ ಮುಗಿಸಬೇಕು. ಮಳೆ ತೊಳೆದರೆ ಮತ್ತೆ ಹೊಸದಾಗಿ ಅರೆಯಬೇಕು. ಗಾಢವಾದ ರಸಕ್ಕೆ ಎಳೆಯ ಗರಿ ಸುಡಬಹುದಾದ್ದರಿಂದ ಮೊದಲು ಬದುವಿನ ಪಕ್ಕದ ನಾಲ್ಕು ಗುಣಿಯ ಪೈರಿಗೆ ಹೊಡೆದು, ಮರುದಿನ ನೋಡಿ ಮುಂದುವರಿಯುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದ ರಕ್ಷಣೆ ಪೈರಿನೊಳಗೇ ಇದೆ. ಶಿಲೀಂಧ್ರ ಸೋಕಿದಾಗ ಭತ್ತ ತಾನೇ ಮೊಮಿಲ್ಯಾಕ್ಟೋನ್, ಸಕುರಾನೆಟಿನ್ ಮೊದಲಾದ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಇಂಥ ವಸ್ತುಗಳಿಗೆ ಫೈಟೋಅಲೆಕ್ಸಿನ್ ಎಂಬ ಹೆಸರು ಬಂದದ್ದು 1940ರಲ್ಲಿ, ಆಲೂಗಡ್ಡೆಯ ಮೇಲೆ ಜರ್ಮನಿಯ ಮ್ಯೂಲರ್ ಮತ್ತು ಬೋರ್ಗರ್ ನಡೆಸಿದ ಅಧ್ಯಯನದಿಂದ. ಯೂರಿಯಾ ಹೆಚ್ಚಾಗಿ ಕಡುಹಸಿರಾಗಿ ಸೊಕ್ಕಿದ ಪೈರು ಬೆಂಕಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಹಾಗಾಗಿ ಯೂರಿಯಾವನ್ನು ಕಂತುಗಳಲ್ಲಿ ಕೊಟ್ಟು, ಮೋಡದ ದಿನಗಳಲ್ಲಿ ಕೈ ತಡೆಯುತ್ತೇನೆ. ನಾಟಿಗೆ ಮೊದಲು ಭತ್ತದ ಹೊಟ್ಟಿನ ಬೂದಿಯನ್ನು ಗದ್ದೆಗೆ ಸೇರಿಸುತ್ತೇನೆ. ಅದರಲ್ಲಿರುವ ಸಿಲಿಕಾ ಎಲೆಯ ಹೊರಪದರವನ್ನು ಗಟ್ಟಿಗೊಳಿಸುತ್ತದೆ. ಸಿಲಿಕಾನ್ ಸಾಕಷ್ಟು ದೊರೆತ ಪೈರು ರೋಗ ತಗುಲಿದಾಗ ಮೊಮಿಲ್ಯಾಕ್ಟೋನನ್ನೂ ಹೆಚ್ಚು ತಯಾರಿಸುತ್ತದೆಂದು ಸಂಶೋಧನೆಗಳು ತೋರಿಸಿವೆ. ಈ ಎರಡನ್ನು ಪಾಲಿಸಿದ ಗದ್ದೆಗೆ ಬೆಳ್ಳುಳ್ಳಿ ರಸದ ಅಗತ್ಯವೇ ಕಡಿಮೆಯಾಗಿದೆ.

ತೆನೆ ಹೊರಡುವ ಕಾಲದಲ್ಲಿ ಮಾತ್ರ ನನ್ನ ನಿಲುವು ಬೇರೆ. ತೆನೆಯ ಕುತ್ತಿಗೆಗೆ ರೋಗ ಬಿದ್ದರೆ ಅದು ಕಪ್ಪಾಗಿ ಮುರಿದು, ಕಾಳೆಲ್ಲ ಜೊಳ್ಳಾಗುತ್ತದೆ. ತೆನೆ ಇನ್ನೂ ಒಳಗೇ ಇರುವ ಹೊಡೆಯ ಹಂತದಲ್ಲಿ ಗರಿಗಳ ಮೇಲೆ ಮಚ್ಚೆ ಹೆಚ್ಚುತ್ತಿದ್ದರೆ ನಾನು ಸಸ್ಯರಸವನ್ನು ನಂಬಿ ಕೂರದೆ, ರೋಗದ ಗರಿಗಳನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಒಯ್ದು ತೋರಿಸಿ, ಅಲ್ಲಿನ ವಿಜ್ಞಾನಿಗಳು ಹೇಳಿದ ಶಿಲೀಂಧ್ರನಾಶಕವನ್ನು ಹೇಳಿದ ಪ್ರಮಾಣದಲ್ಲೇ ಸಿಂಪಡಿಸುತ್ತೇನೆ.