ಮೆಣಸಿನಕಾಯಿ ಒಣಗಲು ಹಾಕಿದವರು ಗಾಳಿ, ಚಳಿ ಎರಡನ್ನೂ ನೋಡಿ

ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಕಣಕ್ಕೆ ಬರುವ ಹೊತ್ತಿದು. ಮುನ್ಸೂಚನೆಯಲ್ಲಿ ನಾವು ಮಳೆ ಇದೆಯಾ ಇಲ್ವಾ ಅಂತ ಮಾತ್ರ ನೋಡುತ್ತೇವೆ. ದಯವಿಟ್ಟು ಗಾಳಿಯ ವೇಗ, ರಾತ್ರಿಯ ಕನಿಷ್ಠ ತಾಪಮಾನವನ್ನೂ ನೋಡಿ.

ಆಕಾಶ ತಿಳಿಯಾಗಿದ್ದು ಗಾಳಿ ನಿಂತರೆ ನೆಲ ಬೇಗ ತಣ್ಣಗಾಗುತ್ತದೆ, ಇಬ್ಬನಿ ಜಾಸ್ತಿ ಬೀಳುತ್ತದೆ. ಗಾಳಿ ಇದ್ದರೆ ಇಬ್ಬನಿ ಕಡಿಮೆ, ಆದರೆ ತಾಡಪಾಲು ನಿಲ್ಲುವುದಿಲ್ಲ. ಇನ್ನು, ಚಳಿ ಇದ್ದಕ್ಕಿದ್ದಂತೆ ಕಡಿಮೆಯಾಗಿ ಮೋಡ ಕಟ್ಟಿ ಮೂಡಣ ಗಾಳಿ ಜೋರಾದರೆ ಹುಷಾರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿರಬಹುದು, ತುಂತುರು ಬರಬಹುದು.

ಸಂಜೆ ಬಿಸಿಲು ಇಳಿಯುವ ಮುಂಚೆಯೇ ಕಾಯಿ ಗುಡ್ಡೆ ಮಾಡಿ ತಾಡಪಾಲು ಮುಚ್ಚಿ. ಗಾಳಿ ಬರುವ ಕಡೆಯ ಅಂಚನ್ನು ಒಳಕ್ಕೆ ಮಡಚಿ, ಮೇಲೆ ಮಣ್ಣು ತುಂಬಿದ ಚೀಲಗಳನ್ನು ಒತ್ತೊತ್ತಾಗಿ ಸಾಲಿಡಿ. ಬರೀ ಕಲ್ಲು ಸಾಲದು. ಎರಡು ಕಲ್ಲಿನ ನಡುವೆ ಗಾಳಿ ನುಗ್ಗಿ ಹಾಳೆ ಉಬ್ಬುತ್ತದೆ, ಆಮೇಲೆ ಪೂರ್ತಿ ಕಿತ್ತು ಹೋಗುತ್ತದೆ. ಬೆಳಿಗ್ಗೆ ಹಾಳೆಯ ಒಳಮೈ ಬೆವರಿರುತ್ತದೆ. ಸುಮ್ನೆ ಎಳೆದರೆ ಆ ನೀರೆಲ್ಲ ಕಾಯಿ ಮೇಲೆ ಸುರಿಯುತ್ತದೆ, ಮಡಚುತ್ತಾ ತೆಗೆಯಿರಿ. ನೆಲದ ಇಬ್ಬನಿ ಆರಿದ ಮೇಲೇ ಹರವಿ. ತೇವ ಉಳಿದರೆ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ. ವರ್ಷದ ದುಡಿಮೆ ಅಲ್ವಾ?

ಜೋರು ಗಾಳಿಯ ದಿನ ಹೊಲದ ಬೆಳೆಗೆ ಔಷಧಿ ಸಿಂಪಡಿಸಲೇಬೇಡಿ, ಅದು ಪಕ್ಕದ ಹೊಲಕ್ಕೂ ನಿಮ್ಮ ಮುಖಕ್ಕೂ ಹೋಗುತ್ತದೆ.

ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ನಮ್ಮ ಜಿಲ್ಲೆಯ ಮುಂದಿನ ಐದು ದಿನದ ಗಾಳಿ, ತಾಪಮಾನ ಸಿಗುತ್ತದೆ. ಬೆಳೆ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ. ಫೋನ್ ಇಲ್ಲದ ಹಿರಿಯರಿಗೆ ಓದಿ ಹೇಳಿ.